ಲಟ್ಟಣಿಗೆಯ ಆಯ್ಕೆ

ಸಂತೆಗೆ ಹೋದ ಒಕ್ಕಲಿಗನು ಎತ್ತು ಕೊಳ್ಳುವಾಗ ಹಲ್ಲು ನೋಡುವನು, ಗೊರಸು ನೋಡುವನು, ನಾಲ್ಕು ಹೆಜ್ಜೆ ನಡೆಯಿಸಿ ನೋಡುವನು. ಆ ಮೇಲೆಯೇ ದಲಾಲಿಯ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತನ್ನಾಡುವನು. ಗಡಿಗೆ ಕೊಳ್ಳುವ ಮುದುಕಿಯು ಅದನ್ನು ಬೆರಳಿನಿಂದ ಬಾರಿಸಿ ನಾದವನ್ನು ಕೇಳದೆ ಗಂಟು ಬಿಚ್ಚಲಾರಳು. ಲಟ್ಟಣಿಗೆಯೊಂದು ಮಾತ್ರ ಯಾರ ಪರೀಕ್ಷೆಗೂ ಗುರಿಯಾಗದೆ, ಚೀಲದಲ್ಲಿ ಉಳಿದ ಚಿಲ್ಲರೆಗೆ ಸರಿಹೋಯಿತೆಂಬ ಒಂದೇ ಅರ್ಹತೆಯಿಂದ ಮನೆಯೊಳಗೆ ಬಂದು ಸೇರಿಬಿಡುವದು.

ಈ ಅಲಕ್ಷ್ಯವು ಲೆಕ್ಕಕ್ಕೆ ನಿಲ್ಲುವಂಥದಲ್ಲ. ಐದಾರು ಜನರ ಸಂಸಾರದಲ್ಲಿ ಎರಡು ಹೊತ್ತಿಗೆ ಸೇರಿ ಇಪ್ಪತ್ತು ಚಪಾತಿಗಳೆಂದು ಹಿಡಿದರೂ ವರ್ಷಕ್ಕೆ ೭,೩೦೦ ಆಗುವವು. ಒಂದೊಂದಕ್ಕೆ ಇಪ್ಪತ್ತು ಸಲವಾದರೂ ಲಟ್ಟಣಿಗೆಯು ಹಿಂದುಮುಂದಾಗಬೇಕು. ಅಂದರೆ ಒಬ್ಬ ಗೃಹಿಣಿಯ ಮಣಿಕಟ್ಟು ಒಂದು ವರ್ಷದಲ್ಲಿ ೧,೪೬,೦೦೦ ಸಲ ಆ ಕಟ್ಟಿಗೆಯ ತುಂಡನ್ನು ಒತ್ತಿ ಉರುಳಿಸುವದು. ಎತ್ತಿಗಾದರೂ ಬೇಸಿಗೆಯಲ್ಲಿ ಕೆಲವು ದಿನ ಬಿಡುವುಂಟು. ಲಟ್ಟಣಿಗೆಗೆ ಅದೂ ಇಲ್ಲ. ಇಂಥ ಸಾಧನವು ಸರಿಯಾದದ್ದೋ ಅಲ್ಲವೋ ಎಂಬದು ರೊಟ್ಟಿಯ ಆಕಾರದ ಪ್ರಶ್ನೆಯಷ್ಟೇ ಅಲ್ಲ. ಕೈಯೊಂದರ ಆಯುಷ್ಯದ ಪ್ರಶ್ನೆಯೂ ಅಹುದು.

ಆದರೆ ಯಾವ ಲಟ್ಟಣಿಗೆಯು ಒಳ್ಳೆಯದು ಎಂದು ಕೇಳುವದಕ್ಕಿಂತ ಮೊದಲು ಕೇಳತಕ್ಕ ಪ್ರಶ್ನೆಯೊಂದಿದೆ: ಹಿಟ್ಟು ಯಾವದು? ಈ ಪ್ರಶ್ನೆಯ ಮಹತ್ವವು ವಿಜಯಪುರದ ಸೀಮೆಯಲ್ಲಿ ತಿಳಿದಷ್ಟು ಸ್ಪಷ್ಟವಾಗಿ ಬೇರೆಡೆಗೆ ತಿಳಿಯಲಾರದು. ೨೦೧೪ನೆಯ ಇಸವಿಯ ನವೆಂಬರ ೧ರ ವರೆಗೆ ಬಿಜಾಪುರವೆಂದು ಕರೆಯಿಸಿಕೊಳ್ಳುತ್ತಿದ್ದ ಈ ನಗರದ ಪಶ್ಚಿಮಕ್ಕೆ ಟಿಕೋಟೆ, ನೈಋತ್ಯಕ್ಕೆ ಬಬಲೇಶ್ವರ. ಬಬಲೇಶ್ವರದ ಹಾದಿಯಲ್ಲಿ ಸಾರವಾಡದ ಹತ್ತಿರ ಡೋಣಿ ನದಿಯು ಅಡ್ಡವಾಗುವದು. ಮಳೆಗಾಲದಲ್ಲಿ ಹುಚ್ಚುಹಿಡಿದು ಹರಿದು ಬೇಸಿಗೆಯಲ್ಲಿ ಬಡವಾಗುವ ಈ ಹೊಳೆಯ ಎರೆಭೂಮಿಯು ಬಿಳಿಜೋಳದ ತವರುಮನೆ. ಡೋಣಿಯ ದಂಡೆ ಬೆಳೆದರೆ ಓಣಿಯೆಲ್ಲ ಕಾಳೆಂಬ ಅರ್ಥದ ಗಾದೆಯು ಈ ಭಾಗದಲ್ಲಿ ಹುಟ್ಟಿದ್ದು ಸುಮ್ಮನಲ್ಲ. ಹಿಂಗಾರಿಯಲ್ಲಿ ಬಿತ್ತಿ, ಭೂಮಿಯಲ್ಲಿ ಉಳಿದ ಹಸಿಯನ್ನೂ ಇಬ್ಬನಿಯನ್ನೂ ನೆಚ್ಚಿ ಬೆಳೆಯುವ ಮಾಲದಂಡಿ ಜೋಳದ ರೊಟ್ಟಿಗೆ ಸರಿಸಾಟಿಯಿಲ್ಲವೆಂದು ಇಲ್ಲಿಯ ಜನರ ನಂಬಿಗೆ. ಟಿಕೋಟೆಯ ಸುತ್ತಿನಲ್ಲಿ ಈಗ ದ್ರಾಕ್ಷಿಯ ಹಂದರಗಳು ಎದ್ದಿರುವವು. ನೀರಾವರಿ ಬಂದಲ್ಲಿ ಕಬ್ಬೂ ಬಂದಿದೆ. ಹೊಲದ ಬೆಳೆ ಬದಲಾದರೂ ತಾಟಿನೊಳಗಿನ ರೊಟ್ಟಿಯು ಬದಲಾಗಿಲ್ಲ.

ಈ ಜೋಳದ ಹಿಟ್ಟಿಗೂ ಲಟ್ಟಣಿಗೆಗೂ ಹುಟ್ಟುವೈರ. ಗೋಧಿಯ ಹಿಟ್ಟಿಗೆ ನೀರು ಬಿದ್ದು ಅದನ್ನು ನಾದಿದರೆ ಗ್ಲುಟೆನ್ ಎಂಬ ರಬ್ಬರಿನಂಥ ಜಿಗುಟು ಬಲೆಯೊಂದು ಒಳಗೆ ಹೆಣೆದುಕೊಳ್ಳುವದು. ಆ ಬಲೆಯ ದೆಸೆಯಿಂದಲೇ ಗೋಧಿಯ ಉಂಡೆಯು ಎಳೆದಂತೆ ಬರುವದು, ಲಟ್ಟಿಸಿದಂತೆ ಹರಡುವದು. ಜೋಳದಲ್ಲಿ ಗ್ಲುಟೆನ್ ಇಲ್ಲ. ತಣ್ಣೀರು ಹಾಕಿ ಕಲಸಿದ ಜೋಳದ ಹಿಟ್ಟಿನ ಮೇಲೆ ಲಟ್ಟಣಿಗೆಯನ್ನಿಟ್ಟರೆ ಅದು ಹರಡುವದಿಲ್ಲ, ಬಿರಿಯುವದು. ಅಂಚೆಲ್ಲ ಬೇಸಿಗೆಯ ಎರೆಹೊಲದಂತೆ ಸೀಳಿಹೋಗುವದು. ಆದ್ದರಿಂದಲೇ ಹಿರಿಯರು ಹಿಟ್ಟಿಗೆ ಕುದಿಯುವ ಎಸರನ್ನು ಹೊಯ್ಯುವ ಪದ್ಧತಿಯನ್ನು ಕಂಡುಕೊಂಡರು. ಸುಮಾರು ೭೦ ಅಂಶ ಸೆಂಟಿಗ್ರೇಡಿನ ಶಾಖಕ್ಕೆ ಕಾಳಿನೊಳಗಿನ ಪಿಷ್ಟವು ನೀರುಂಡು ಉಬ್ಬಿ ಅಂಟಾಗುವದು. ಗ್ಲುಟೆನ್ ಮಾಡಬೇಕಾದ ಕೆಲಸವನ್ನು ಈ ಅಂಟು ಸ್ವಲ್ಪಮಟ್ಟಿಗೆ ಮಾಡುವದು. ವಿಜ್ಞಾನದ ಹೆಸರನ್ನು ಕೇಳದ ಹೆಣ್ಣುಮಕ್ಕಳು ಇದಕ್ಕೆ ‘ಜಿಗಿ’ ಎಂದು ಹೆಸರಿಟ್ಟಿರುವರು. ಹಿಟ್ಟು ಬೀಸಿ ಬಹಳ ದಿನಗಳಾದರೆ ಜಿಗಿ ಹೋಯಿತೆನ್ನುವರು. ಆಗ ಎಸರಿನ ನೀರನ್ನು ಹೆಚ್ಚಿಸುವರು.

ಇಷ್ಟಾದರೂ ಆ ಅಂಟು ಎಳೆತವನ್ನು ತಾಳಲಾರದು. ತಟ್ಟುವದನ್ನು ಮಾತ್ರ ತಾಳುವದು. ಕೊಣಮಿಗೆಯೆಂಬ ಮರದ ಅಗಲವಾದ ಪಾತ್ರೆಯಲ್ಲಿ ಹಿಟ್ಟನ್ನು ಮಿದ್ದು, ಅದರಲ್ಲಿಯೇ ಒಣಹಿಟ್ಟು ಹರಡಿ, ಉಂಡೆಯನ್ನಿಟ್ಟು ಬಡಿಯುತ್ತ ಹೋದಂತೆ ರೊಟ್ಟಿಯು ತಾನೇ ತಿರುಗುತ್ತ ಚಂದ್ರನಂತೆ ಬೆಳೆಯುವದು. ಒಂದು ಕೈ ಬಡಿಯುವದು, ಇನ್ನೊಂದು ಅಂಚನ್ನು ಕಾಯುವದು. ಬೆಳಗಿನ ಜಾವದಲ್ಲಿ ಬಬಲೇಶ್ವರದ ಓಣಿಗಳಲ್ಲಿ ಹಾಯ್ದವರಿಗೆ ಒಂದೊಂದು ಮನೆಯಿಂದ ಒಂದೊಂದು ತಾಳ ಕೇಳಿಬರುವದು; ಬಳೆಗಳ ಸದ್ದು ಆ ತಾಳಕ್ಕೆ ಕೂಡಿರುವದು. ಹಂಚಿನ ಮೇಲೆ ಹಾಕಿದ ರೊಟ್ಟಿಯ ಮೇಲ್ಮೈಗೆ ಒದ್ದೆಯ ಬಟ್ಟೆಯಿಂದ ನೀರು ಸವರಿ ಒಣಹಿಟ್ಟನ್ನು ತೊಡೆಯುವದು, ತಿರುವುವದು, ಬೆಂಕಿಯ ಮಗ್ಗುಲಿಗೆ ನಿಲ್ಲಿಸಿ ಉಬ್ಬಿಸುವದು — ಇವೆಲ್ಲ ಪುಸ್ತಕದಿಂದ ಕಲಿಯತಕ್ಕ ವಿದ್ಯೆಗಳಲ್ಲ. ಈ ಕಲೆಯಲ್ಲಿ ಅಂಗೈಯೇ ಲಟ್ಟಣಿಗೆ, ಬೆರಳೇ ಅಳತೆಗೋಲು.

ಹೀಗಿರಲು ಜೋಳದ ರೊಟ್ಟಿಗೆ ಲಟ್ಟಣಿಗೆಯನ್ನು ಮುಟ್ಟಿಸಿದ ಸೊಸೆಯನ್ನು ಕಂಡು ಹಳೆಯ ಕಾಲದ ಅತ್ತೆಯರು ಮೂಗು ಮುರಿದದ್ದು ಆಶ್ಚರ್ಯವಲ್ಲ. ಬಡಿದ ರೊಟ್ಟಿಯು ಮೆದುವಾಗಿರುವದು, ಎರಡು ಪದರಾಗಿ ಬಿಡುವದು, ಎಣ್ಣೆಗಾಯಿಯ ರಸವನ್ನು ಹೀರುವದು. ಲಟ್ಟಿಸಿದ್ದು ಬಿರುಸಾಗುವದು ಎಂಬದು ಅವರ ಆಕ್ಷೇಪಣೆ. ಇದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಎಸರಿನಲ್ಲಿ ಹಿಟ್ಟನ್ನು ಚೆನ್ನಾಗಿ ಬೇಯಿಸಿ, ಕೈಸುಡುವಷ್ಟು ಬಿಸಿಯಿರುವಾಗಲೇ ನಾದಿ, ಧಾರಾಳವಾಗಿ ಒಣಹಿಟ್ಟು ಉದುರಿಸಿ ಹಗುರಾದ ಲಟ್ಟಣಿಗೆಯಿಂದ ಲಟ್ಟಿಸಿದರೆ ಜೋಳವೂ ಒಪ್ಪಿಕೊಳ್ಳುವದು. ಕಾಗದದಂತೆ ತೆಳ್ಳಗಾಗಬೇಕಾದ ಖಡಕ್ ರೊಟ್ಟಿಗಂತೂ ಲಟ್ಟಣಿಗೆಯ ಉಪಕಾರವು ದೊಡ್ಡದು. ತಿಂಗಳುಗಟ್ಟಲೆ ಕೆಡದ ಆ ರೊಟ್ಟಿಯು ವಿಜಯಪುರದ ಅಂಗಡಿಗಳಿಂದ ಗಂಟು ಕಟ್ಟಿಕೊಂಡು ಮುಂಬಯಿ ಪುಣೆಗಳಿಗೂ, ಬೆಂಗಳೂರಿಗೂ, ಕಡಲಾಚೆಯ ಕನ್ನಡಿಗರ ಮನೆಗಳಿಗೂ ಹೋಗುವದು. ವಿಶ್ವಸಂಸ್ಥೆಯು ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ತರುವಾಯ ಜೋಳದ ಹೆಸರು ಅದನ್ನು ತಿನ್ನದ ನಾಡುಗಳಲ್ಲಿಯೂ ಕೇಳಬಂದಿತು. ಹುಟ್ಟಿನಿಂದ ಬಡಿಯುವದನ್ನು ಕಾಣದವರು ಜೋಳವನ್ನುಣ್ಣಲು ಬಯಸಿದರೆ ಅವರಿಗೆ ಲಟ್ಟಣಿಗೆಯೇ ದಾರಿ.

ಇದರಲ್ಲಿ ಇನ್ನೊಂದು ಮಾತೂ ಉಂಟು. ೨೦೦೩ರಲ್ಲಿ ಈ ನಗರದಲ್ಲಿ ಮಹಿಳಾ ವಿಶ್ವವಿದ್ಯಾಲಯವೇ ಸ್ಥಾಪಿತವಾಯಿತು. ಟಿಕೋಟೆ ಬಬಲೇಶ್ವರಗಳಿಂದ ಮುಂಜಾನೆಯ ಬಸ್ಸು ಹಿಡಿದು ಓದಲು, ದುಡಿಯಲು ಬರುವ ತರುಣಿಯರು ಬಹಳ. ರೊಟ್ಟಿ ಬಡಿಯುವ ಹದವು ಕೈಗೆ ಹತ್ತಲು ವರ್ಷಗಳು ಬೇಕು. ಲಟ್ಟಿಸುವದು ತಿಂಗಳೊಪ್ಪತ್ತಿನಲ್ಲಿ ಬರುವದು. ಆ ಉಳಿತಾಯವನ್ನು ಸೋಮಾರಿತನವೆಂದು ಹಳಿಯುವದು ನ್ಯಾಯವಲ್ಲ. ಬಡಿಯುವದನ್ನು ಕಲಿಯುವವಳು ಅದನ್ನು ಕಲೆಯೆಂದು ಪ್ರೀತಿಯಿಂದ ಕಲಿಯಲಿ. ಲಟ್ಟಿಸುವವಳು ಅಂಜದೆ ಲಟ್ಟಿಸಲಿ. ರೊಟ್ಟಿಯ ಗುಣದಿಂದ ಹೆಣ್ಣಿನ ಗುಣವನ್ನು ಅಳೆಯುವ ರೂಢಿ ಮಾತ್ರ ಎರಡು ಪಕ್ಷದಲ್ಲಿಯೂ ಸಲ್ಲದು.

ಗೋಧಿಗೆ ಬಂದರೆ ಲಟ್ಟಣಿಗೆಯು ತನ್ನ ಸ್ವಂತ ರಾಜ್ಯಕ್ಕೆ ಬಂದಂತೆ. ಇಲ್ಲಿಯೂ ಹಿಟ್ಟಿನ ಮಾತನ್ನು ಕೇಳಬೇಕು. ಈಗತಾನೇ ನಾದಿದ ಕಣಕವು ಲಟ್ಟಿಸಿದಷ್ಟೂ ಹಿಂದಕ್ಕೆ ಸೇದಿಕೊಳ್ಳುವದು. ಒದ್ದೆ ಬಟ್ಟೆ ಮುಚ್ಚಿ ಅರ್ಧ ತಾಸು ಇಟ್ಟರೆ ಬಿಗಿದ ಬಲೆಯು ಸಡಿಲಾಗಿ ಹೇಳಿದಂತೆ ಕೇಳುವದು. ಈ ಅರ್ಧ ತಾಸಿನ ತಾಳ್ಮೆಯಿಲ್ಲದವರೇ ಭಾರವಾದ ಲಟ್ಟಣಿಗೆಯನ್ನು ಹುಡುಕಿಕೊಂಡು ಹೋಗುವರು. ಹೂರಣದ ಹೋಳಿಗೆಯಲ್ಲಿ ಭಾರವು ಶತ್ರುವೇ ಸರಿ. ಒಳಗಿನ ಕಡಲೆಬೇಳೆಯ ಹೂರಣವು ಮೆದು, ಹೊರಗಿನ ಕಣಕವು ತೆಳುವು. ಒತ್ತಿದಲ್ಲಿ ಒಡೆಯುವದು. ಶೇಂಗಾದ ಹೋಳಿಗೆಯಲ್ಲಿ ಪುಡಿಯು ತರಿಯಾಗಿ ಉಳಿದರೆ ಲಟ್ಟಣಿಗೆಯ ಕೆಳಗೆ ಒಂದೊಂದು ಕಣವೂ ಮುಳ್ಳಾಗಿ ಕಣಕವನ್ನು ಹರಿಯುವದು. ನುರಿತ ಕೈಗಳು ನಡುವನ್ನು ಬಿಟ್ಟು ಅಂಚಿನ ಕಡೆಗೇ ಲಟ್ಟಿಸುತ್ತ ಹೋಗುವವು. ನಡುವು ತಾನಾಗಿ ತೆಳುವಾಗುವದು.

ಆಕಾರದಲ್ಲಿ ಲಟ್ಟಣಿಗೆಗಳು ಮುಖ್ಯವಾಗಿ ಮೂರು ಬಗೆ. ನಡುವೆ ತುಸು ಉಬ್ಬಿ ತುದಿಗಳಲ್ಲಿ ಸಣ್ಣಗಾದದ್ದು ಮೊದಲನೆಯದು. ಒಂದು ಕೈಯ ಒತ್ತನ್ನು ತುಸು ಹೆಚ್ಚಿಸಿದರೆ ಸಾಕು, ಅದರ ಕೆಳಗೆ ಚಪಾತಿಯು ತಾನೇ ಸುತ್ತುವದು. ಎತ್ತಿ ತಿರುಗಿಸುವ ಶ್ರಮ ತಪ್ಪುವದು. ದಿನದ ಕೆಲಸಕ್ಕೆ ಇದು ಉತ್ತಮ. ಎರಡನೆಯದು ತುದಿಯಿಂದ ತುದಿಗೆ ಒಂದೇ ದಪ್ಪದ ಗುಂಡುಕೋಲು. ಶಂಕರಪಾಳಿಗೆ ಬೇಕಾದ ಒಂದೇ ದಪ್ಪದ ದೊಡ್ಡ ಹಾಳೆಯನ್ನು ಲಟ್ಟಿಸಲು ಇದಕ್ಕೆ ಸಮನಾದದ್ದಿಲ್ಲ; ಉಬ್ಬಿದ ನಡುವಿನದಾದರೆ ಹಾಳೆಯಲ್ಲಿ ತಗ್ಗು ಬೀಳುವದು, ಒಂದು ತುಂಡು ಕರಿದು ಕಪ್ಪಾಗುವಾಗ ಇನ್ನೊಂದು ಹಸಿಯಾಗಿರುವದು. ಮೂರನೆಯದು ಪಶ್ಚಿಮದ ಬಗೆಯದು. ಒಳಗೆ ಕಂಬಿ ಹಾಯ್ದು, ಹಿಡಿಗಳು ನಿಂತಲ್ಲಿಯೇ ನಿಂತು ನಡುವಿನ ಗುಂಡು ಮಾತ್ರ ಉರುಳುವಂಥದು. ದೊಡ್ಡ ಮುದ್ದೆಯನ್ನು ಹಣಿಯಲು ಅದು ಅನುಕೂಲ. ಆದರೆ ಹಿಟ್ಟಿನ ನಾಡಿಯು ಬೆರಳಿಗೆ ತಿಳಿಯುವದಿಲ್ಲ. ಕಂಬಿಯ ಸಂದಿನಲ್ಲಿ ಹಿಟ್ಟು ಸೇರಿ ಹುಳಿಯುವ ದೋಷವೂ ಉಂಟು.

ಕಟ್ಟಿಗೆಯ ವಿಷಯದಲ್ಲಿ ಮರದ ಹೆಸರಿಗಿಂತ ಅದರ ಗಟ್ಟಿತನವು ಮುಖ್ಯ. ಸಾಗವಾನಿ, ಬೀಟೆ ಒಳ್ಳೆಯವು. ಈ ಬಿಸಿಲನಾಡಿನ ಬದುಗಳಲ್ಲಿ ಬೆಳೆಯುವ ಜಾಲಿಯು ಕುಂಟೆ ಕೂರಿಗೆಗಳಿಗೆ ಸಂದ ಮರ. ಬಿಗಿಯಾದ ಎಳೆಯ ಆ ಕಟ್ಟಿಗೆಯು ಚೆನ್ನಾಗಿ ಒಣಗಿದ್ದರೆ ಲಟ್ಟಣಿಗೆಗೂ ಸಲ್ಲುವದು. ಮಾವಿನದು ಅಗ್ಗ, ಆದರೆ ನೀರು ಕುಡಿದು ಎಳೆ ಬಿಡುವದು, ಆ ಎಳೆಗಳ ಸಂದಿನಲ್ಲಿ ಹಿಟ್ಟು ಕೂಡುವದು. ಮರವು ಯಾವದೇ ಇರಲಿ, ಎಳೆಗಳು ಉದ್ದಕ್ಕೆ ಓಡಿರಬೇಕು, ಗಂಟು ಇರಬಾರದು, ತುದಿಗಳಲ್ಲಿ ಸೀಳು ಕಾಣಬಾರದು. ಬಣ್ಣ, ವಾರ್ನಿಶುಗಳನ್ನು ಬಳಿದದ್ದು ಅಂಗಡಿಯಲ್ಲಿ ಮಿಂಚುವದು, ಮನೆಗೆ ಬಂದ ಮೇಲೆ ಹಿಟ್ಟಿನಲ್ಲಿ ಉದುರುವದು. ಮೂಸಿದರೆ ವಾಸನೆ ಬರಬಾರದು. ಉದ್ದವು ಒಂದೂವರೆ ಗೇಣಿಗೆ ಕಡಿಮೆಯಾದರೆ ಅಗಲವಾದ ಹೋಳಿಗೆಯ ಮೇಲೆ ಅದರ ತುದಿಗಳು ಗೆರೆ ಮೂಡಿಸುವವು. ಸಮವಾದ ಹಲಗೆಯ ಮೇಲೆ ಉರುಳಬಿಟ್ಟರೆ ಅದರ ನಡತೆಯೆಲ್ಲ ತಿಳಿಯುವದು: ಸೊಟ್ಟಗಿದ್ದದ್ದು ಕುಂಟುತ್ತ ಹೋಗುವದು, ಸರಿಯಾದದ್ದು ಸದ್ದಿಲ್ಲದೆ ಹೋಗುವದು.

ಸಂಕ್ರಮಣದಲ್ಲಿ ನೆರೆಯುವ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಅಂಗಡಿಗಳಲ್ಲಿ ಇಂಥ ಸಾಮಾನುಗಳ ರಾಶಿಯ ಮುಂದೆ ನಿಂತವರ ಮಾತುಗಳಲ್ಲಿ ಈ ಶಾಸ್ತ್ರವೆಲ್ಲ ಅಡಕವಾಗಿರುವದು. ಸೊಸೆಯೊಬ್ಬಳು ಕೆಂಪು ಹಸುರು ಗೆರೆಗಳ ಲಟ್ಟಣಿಗೆಯನ್ನೆತ್ತಿ, “ಅತ್ತೀ, ಇದನ್ನ ನೋಡ್ರಿ, ಎಷ್ಟು ಚಂದ ಬಣ್ಣ ಹಚ್ಯಾರ!” ಎನ್ನುವಳು. “ಚಂದ ಐತಂತ ಗ್ವಾಡಿಗಿ ತೂಗಹಾಕೂಣೇನವಾ? ಮೊದಲ ಕೈಯಾಗ ಹಿಡದು ನೋಡು. ನಿನ್ನ ಕೈಗಿ ಹೊಂದಬೇಕು, ನನ್ನ ಕೈಗಲ್ಲ” ಎಂದು ಅತ್ತೆಯ ಉತ್ತರ. ಈ ಕೊನೆಯ ಮಾತು ಲಟ್ಟಣಿಗೆ ಕೊಳ್ಳುವವರೆಲ್ಲರೂ ನೆನೆಯತಕ್ಕದ್ದು. ಸಣ್ಣ ಅಂಗೈಯವಳಿಗೆ ದಪ್ಪ ಕೋಲು ಭಾರ. ಉದ್ದ ಬೆರಳಿನವಳಿಗೆ ಗಿಡ್ಡ ತುದಿಯು ಹಿಂಸೆ. ಸಂತೆಯ ಚೀಟಿಯಲ್ಲಿ ‘ಲಟ್ಟಣಿಗೆ ಒಂದು’ ಎಂದು ಬರೆದು ಗಂಡಸರ ಕೈಗೆ ಕೊಟ್ಟು ಕಳಿಸಿದರೆ ಸಿಕ್ಕದ್ದು ಮನೆಗೆ ಬರುವದು, ತಕ್ಕದ್ದು ಅಂಗಡಿಯಲ್ಲಿಯೇ ಉಳಿಯುವದು.

ಮಣೆಯು ಲಟ್ಟಣಿಗೆಯ ಸಹಧರ್ಮಿಣಿ. ಮೂರು ಕಾಲುಗಳ ಮೇಲೆ ನಿಂತದ್ದು ನೆಲವು ಸಮವಿಲ್ಲದಿದ್ದರೂ ಅಲುಗಾಡುವದಿಲ್ಲ. ನಾಲ್ಕು ಕಾಲಿನದಕ್ಕೆ ಆ ಗುಣವಿಲ್ಲ. ಅಡುಗೆಕಟ್ಟೆಯ ಮುಂದೆ ನಿಂತು ಲಟ್ಟಿಸುವ ಈಗಿನ ಮನೆಗಳಲ್ಲಿ ಮಣೆಯ ಎತ್ತರವೂ ವಿಚಾರಕ್ಕೆ ಬರಬೇಕು. ಮೊಳಕೈಗಿಂತ ಮೇಲಾದರೆ ಹೆಗಲು ನೋಯುವದು, ತೀರ ಕೆಳಗಾದರೆ ಬೆನ್ನು ಬಾಗುವದು. ಅಮೃತಶಿಲೆಯ ಮಣೆಯು ತಂಪು, ಅದಕ್ಕೆ ಹಿಟ್ಟು ಹತ್ತುವದು ಕಡಿಮೆ. ಆದರೆ ದಿನಾಲು ಎತ್ತಿ ಇಡುವವರಿಗೆ ಭಾರ.

ಈ ತಂಪಿನ ಗುಣವು ಪಶ್ಚಿಮದ ಅಡುಗೆಯಲ್ಲಿ ಬಹು ಮುಖ್ಯವಾದದ್ದು. ಅಲ್ಲಿಯ ಪದರಿನ ತಿನಿಸುಗಳಲ್ಲಿ ಹಿಟ್ಟಿನ ನಡುವೆ ಗಟ್ಟಿ ಬೆಣ್ಣೆಯನ್ನಿಟ್ಟು ಮಡಿಚಿ ಮಡಿಚಿ ಲಟ್ಟಿಸುವರು. ಬೆಣ್ಣೆಯು ಕರಗಿದರೆ ಪದರು ಕೆಟ್ಟಿತು. ಬೆಣ್ಣೆಯು ಸುಮಾರು ೩೫ ಅಂಶದೊಳಗೇ ಕರಗುವದು. ವಿಜಯಪುರದ ಬೇಸಿಗೆಯು ೪೦ನ್ನು ಲೀಲೆಯಿಂದ ದಾಟುವದು. ಮನೆಯಲ್ಲಿ ಓವನ್ ಇರಿಸಿಕೊಂಡು ಇಂಥ ತಿನಿಸುಗಳಿಗೆ ಕೈಹಾಕುವ ಹೊಸ ಉತ್ಸಾಹಿಗಳು ಶೀತಪೆಟ್ಟಿಗೆಯಲ್ಲಿ ತಂಪಿಸಿದ ಕಲ್ಲಿನ ಮಣೆಯನ್ನೂ ಭಾರವಾದ ಲಟ್ಟಣಿಗೆಯನ್ನೂ ಕೊಳ್ಳುವದು ಯುಕ್ತವೇ. ತಂಪಾದ ಬೆಣ್ಣೆಯು ಗಟ್ಟಿ, ಅಲ್ಲಿ ಭಾರವು ಬೇಕು. ಆದರೆ ಅದೇ ಭಾರದ ಕೋಲಿನಿಂದ ಹೋಳಿಗೆಯನ್ನು ಮಾಡಹೋಗಬಾರದು. ಪದರಿನ ವಿದ್ಯೆಯು ಕರ್ನಾಟಕಕ್ಕೂ ಹೊಸದಲ್ಲ: ಚಿರೋಟಿಯು ತುಪ್ಪ ಅಕ್ಕಿಹಿಟ್ಟುಗಳ ಲೇಪದಿಂದ ಅದೇ ಕೆಲಸವನ್ನು ಮಾಡಿಕೊಳ್ಳುವದು, ಹಗುರಾದ ಕೈಯನ್ನಷ್ಟೇ ಬೇಡುವದು.

ಮಿಕ್ಕ ಉಪಕರಣಗಳು ವರ್ಷಕ್ಕೊಮ್ಮೆ ಎರಡುಸಲ ಕಪಾಟಿನಿಂದ ಇಳಿಯುವಂಥವು. ದೀಪಾವಳಿಯ ಕರ್ಚಿಕಾಯಿಯ ಅಂಚನ್ನು ಕತ್ತರಿಸುವ ಪುಟ್ಟ ಹಲ್ಲುಗಾಲಿಯು ಅವುಗಳಲ್ಲೊಂದು. ಗಾಲಿಯು ಸಲೀಸಾಗಿ ತಿರುಗುವದೋ ಎಂಬದನ್ನಷ್ಟೇ ನೋಡಿ ಕೊಳ್ಳಬೇಕು, ತಡೆದು ತಿರುಗುವದು ಅಂಚನ್ನು ಕತ್ತರಿಸದೆ ಎಳೆಯುವದು. ಕರ್ಚಿಕಾಯಿಯ ಅಚ್ಚುಗಳೂ ಸಿಗುವವು. ಅಂಚನ್ನು ಕೈಯಿಂದಲೇ ಮುರಿಗೆಯಾಗಿ ಹೆಣೆಯಬಲ್ಲವರಿಗೆ ಅವು ಬೇಡ. ಮೊಹರಮಿನ ಚೊಂಗೆಗೆ ಗೆರೆ ಹೂವುಗಳನ್ನು ಕೊರೆದ ಮರದ ಮಣೆಯುಂಟು; ಹಿಟ್ಟನ್ನು ಅದರ ಮೇಲೆ ಒತ್ತಿದರೆ ಚಿತ್ತಾರ ಮೂಡುವದು, ಬೆಂದ ಮೇಲೆ ಆ ಚಿತ್ತಾರದ ತಗ್ಗುಗಳಲ್ಲಿ ಬೆಲ್ಲವು ನಿಲ್ಲುವದು. ಮುಸಲ್ಮಾನರ ಮನೆಯ ಈ ತಿನಿಸನ್ನು ಡೋಲಿಗೆ ನಡೆದುಕೊಳ್ಳುವ ಹಿಂದೂ ಮನೆಗಳಲ್ಲಿಯೂ ಮಾಡುವರು. ಇಂಥ ಮಣೆಯನ್ನು ಕೊಳ್ಳುವಾಗ ಕೊರೆತವು ಆಳವಾಗಿಯೂ ಅಗಲವಾಗಿಯೂ ಇರಬೇಕು. ಸಣ್ಣ ನಕ್ಕಾಶಿಯಲ್ಲಿ ಹಿಟ್ಟು ಸಿಕ್ಕಿ ಕಿತ್ತುಬರುವದು.

ಕೊಂಡದ್ದನ್ನು ಉಳಿಸಿಕೊಳ್ಳುವದು ಕಷ್ಟದ ಕೆಲಸವಲ್ಲ. ಲಟ್ಟಣಿಗೆಯನ್ನು ನೀರಿನಲ್ಲಿ ನೆನೆಹಾಕಬಾರದು. ಹತ್ತಿದ ಹಿಟ್ಟನ್ನು ಕೆರೆದು, ಒದ್ದೆಯ ಬಟ್ಟೆಯಿಂದ ಒರಸಿ, ಗಾಳಿಗೆ ನಿಲ್ಲಿಸಬೇಕು. ಹೊಸದಕ್ಕೆ ತೆಳುವಾಗಿ ಎಣ್ಣೆ ಸವರಿ ಒಂದು ರಾತ್ರಿ ಇಟ್ಟು ಒರಸಿದರೆ ಎಳೆಗಳು ಮುಚ್ಚಿಕೊಳ್ಳುವವು. ಬಹುಕಾಲ ಬಳಸಿ ನಡುವೆ ಸವೆದದ್ದನ್ನು ಅಜ್ಜಿಯ ಕಾಲದ್ದೆಂಬ ಅಭಿಮಾನದಿಂದ ಇಟ್ಟುಕೊಳ್ಳಬಹುದು; ದಿನದ ಕೆಲಸಕ್ಕೆ ಹಚ್ಚಬಾರದು. ಆ ತಗ್ಗು ಅಜ್ಜಿಯ ಕೈಯ ತಗ್ಗು. ಮೊಮ್ಮಗಳು ಅದರಿಂದ ಲಟ್ಟಿಸಿದರೆ ಚಪಾತಿಯ ನಡುವು ದಪ್ಪವಾಗಿಯೇ ಉಳಿಯುವದು.

ಸಾಧನವು ಬದಲಾದಾಗ ಅದರೊಡನೆ ಏನೇನು ಹೋಗುವದೆಂಬದಕ್ಕೆ ಈ ಜಿಲ್ಲೆಯಲ್ಲಿಯೇ ನಿದರ್ಶನವುಂಟು. ಹಲಸಂಗಿಯ ಗೆಳೆಯರು ಕೂಡಿಸಿ ೧೯೩೧ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಎಂಬ ಸಂಗ್ರಹದ ಬೆನ್ನಿಗೆ ಬೀಸುವ ಕಲ್ಲಿನ ಸದ್ದಿದೆ. ಹಿಟ್ಟಿನ ಗಿರಣಿ ಬಂದಾಗ ಹೆಣ್ಣುಮಕ್ಕಳ ರಟ್ಟೆಗೆ ಬಿಡುವು ದೊರೆಯಿತು. ಹಾಡಿಗೂ ಬಿಡುವು ದೊರೆಯಿತು. ಮೊದಲನೆಯದಕ್ಕಾಗಿ ಸಂತೋಷಪಡದವನು ನಿರ್ದಯನು. ಎರಡನೆಯದಕ್ಕಾಗಿ ಮರುಗದವನು ಅರಸಿಕನು. ಈಗ ರೊಟ್ಟಿ ಒತ್ತುವ ಯಂತ್ರಗಳು ಬಂದಿರುವವು. ರೊಟ್ಟಿ ಬಡಿಯುವ ತಾಳವೂ ಅದೇ ಹಾದಿಯನ್ನು ಹಿಡಿಯಬಹುದು. ಅದನ್ನು ಉಳಿಸುವ ಹೊಣೆಯನ್ನು ಹೆಣ್ಣಿನ ಮಣಿಕಟ್ಟಿನ ಮೇಲೆಯೇ ಹೊರಿಸಿ ಗಂಡಸರು ತಾಟಿನ ಮುಂದೆ ಕುಳಿತು ಪರಂಪರೆಯ ಗುಣಗಾನ ಮಾಡುವದು ಶೋಭಿಸದು. ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರುಗಳಿಂದ ರೊಟ್ಟಿಯ ಹೇರುಗಳು ಬರುವದನ್ನು ಕಂಡು ಬೆರಗಾಗುವವರು ಒಂದೊಂದು ಹೇರಿನ ಹಿಂದೆಯೂ ಎಷ್ಟು ಕೈಗಳು ಎಷ್ಟು ರಾತ್ರಿ ದುಡಿದವೆಂಬದನ್ನೂ ಎಣಿಸಬೇಕು.

ಖಡಕ್ ರೊಟ್ಟಿಯನ್ನು ಮಾಡಿ ಮಾರುವ ಮನೆಗಳಲ್ಲಿ ಹೆಣ್ಣುಮಕ್ಕಳು ಎಣಿಕೆಯ ಮೇಲೆ ಕೂಲಿ ಪಡೆದು ಒಲೆಯ ಉರಿಯ ಮುಂದೆ ತಾಸುಗಟ್ಟಲೆ ಲಟ್ಟಿಸುವರು. ಅಲ್ಲಿಯ ಲಟ್ಟಣಿಗೆಯನ್ನು ಆರಿಸಿದವರು ಯಾರು? ಸಾಮಾನ್ಯವಾಗಿ ಅದನ್ನು ಎಂದೂ ಹಿಡಿಯದವರು. ರೊಟ್ಟಿ ದುಂಡಗಾಯಿತೇ, ತೆಳ್ಳಗಾಯಿತೇ ಎಂದು ಕೇಳುವವರು ಬಹಳ; ಕೈ ನೊಂದಿತೇ ಎಂದು ಕೇಳುವವರು ವಿರಳ. ಎತ್ತಿನ ಹೆಗಲಿಗೆ ನೊಗವು ಒತ್ತುವದೋ ಎಂದು ಒಕ್ಕಲಿಗನು ಬೆಳಗಾಗೆದ್ದು ತಡವಿ ನೋಡುವನು. ಅಷ್ಟೇ ಎಚ್ಚರವು ಅಡುಗೆಮನೆಯ ಕಡೆಗೂ ತಿರುಗಿ, ಲಟ್ಟಿಸುವವಳನ್ನೇ ಅಂಗಡಿಗೆ ಕರೆದೊಯ್ದು, ನಾಲ್ಕೆಂಟನ್ನು ಅವಳ ಕೈಯಲ್ಲಿಟ್ಟು, ಅವಳು ಒಪ್ಪಿದ್ದಕ್ಕೆ ಚೌಕಾಶಿ ಮಾಡದೆ ಹಣ ಕೊಟ್ಟರೆ, ಲಟ್ಟಣಿಗೆಯ ಆಯ್ಕೆಯ ವಿಷಯದಲ್ಲಿ ಹೇಳಬೇಕಾದದ್ದು ಹೆಚ್ಚೇನೂ ಉಳಿಯುವದಿಲ್ಲ.